ಹಿಟ್ಟಿನ ಮನೆಯ ಮಕ್ಕಳು: ನಮ್ಮ ಸೀಮೆಯ ಊಟದ ಚರಿತ್ರೆಯ ಕೆಲವು ಪುಟಗಳು

ಗೌರಿಬಿದನೂರು ತಾಲ್ಲೂಕಿನಲ್ಲಿ ದೊರೆತಿರುವ 1388ನೆಯ ಇಸವಿಯ ಶಾಸನವೊಂದು ನಮ್ಮ ಸೋಮಂದೇಪಲ್ಲಿಗೆ ನೆರೆಯಾದ ಪೆನುಕೊಂಡೆಯ ನೀರಿನ ಕಥೆಯನ್ನು ಹೇಳುತ್ತದೆ. ವಿಜಯನಗರದ ಎರಡನೆಯ ಹರಿಹರನ ಮಗನಾದ ಬುಕ್ಕರಾಯನು ಆಗ ಪೆನುಗೊಂಡೆಯಲ್ಲಿದ್ದನು. ಹೆನ್ನೆಯ ಹೊಳೆಯ ನೀರನ್ನು, ಎಂದರೆ ಇಂದಿನ ಉತ್ತರ ಪಿನಾಕಿನಿಯ ನೀರನ್ನು, ಪೆನುಗೊಂಡೆಗೆ ತರಬೇಕೆಂದು ಜಲಸೂತ್ರವನ್ನು ಬಲ್ಲ ಸಿಂಗಾಯಭಟ್ಟನಿಗೆ ಅವನು ಅಪ್ಪಣೆ ಮಾಡಿದನು. ಸಿಂಗಾಯಭಟ್ಟನು ಕಲ್ಲುಡಿಯಿಂದ ಸಿರುವರದ ಕೆರೆಯವರೆಗೆ ಕಾಲುವೆಯನ್ನು ತೆಗೆಸಿ, ಅದಕ್ಕೆ ತನ್ನ ಒಡೆಯನ ಹೆಸರನ್ನೇ ಇಟ್ಟನು. ಮಕ್ಕಳ ಊಟವನ್ನು ಕುರಿತು ಬರೆಯಹೊರಟವರು ಕಾಲುವೆಯ ಮಾತನ್ನೇಕೆ ತೆಗೆದರೆಂದು ಓದುಗರು ಕೇಳಬಹುದು. ನಮ್ಮ ಸೀಮೆಯಲ್ಲಿ ಯಾವ ಮನೆಯ ಮಗು ಏನನ್ನು ಉಂಡು ಬೆಳೆಯಿತೆಂಬುದನ್ನು ಬಹುಕಾಲ ತೀರ್ಮಾನಿಸಿದ್ದು ನೀರೇ.

ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ನಾಡು ಇದು. ಕೆರೆಯ ಕೆಳಗೆ ನಾಲ್ಕು ಗುಂಟೆ ಗದ್ದೆಯಿದ್ದವರ ಮನೆಯಲ್ಲಿ ಅಕ್ಕಿ. ಬೆದ್ದಲು ಹೊಲದವರ ಮನೆಯಲ್ಲಿ ರಾಗಿ, ನವಣೆ, ಸಾಮೆ, ಹಾರಕ, ಸಜ್ಜೆ. ಗದ್ದೆಯವರು ಊರಿಗೆ ಕೆಲವರೇ. ದೇವರ ನೈವೇದ್ಯಕ್ಕೂ ಅಗ್ರಹಾರದ ಪಂಕ್ತಿಗೂ ಅನ್ನವೇ ಸಲ್ಲುತ್ತಿತ್ತು. ಉಳಿದವರು ಯುಗಾದಿಗೋ ಮದುವೆಗೋ ತಿಥಿಗೋ ಅನ್ನವನ್ನು ಕಾಣುತ್ತಿದ್ದರು. ಹೀಗಾಗಿ ಮಗುವು ರುಚಿಯ ಜೊತೆಗೆ ಅಂತಸ್ತನ್ನೂ ಮನೆಯಲ್ಲಿಯೇ ಕಲಿಯಿತು. ಅನ್ನವೆಂದರೆ ಹಬ್ಬ, ಅನ್ನವೆಂದರೆ ದೊಡ್ಡವರ ಮನೆ. ಹಿಟ್ಟೆಂದರೆ ದಿನದ ದುಡಿಮೆ. (ನಮ್ಮ ಕಡೆ ಮುದ್ದೆಯನ್ನೇ ಹಿಟ್ಟು ಎನ್ನುವ ರೂಢಿ ಹೊಸ ಪೀಳಿಗೆಯವರಿಗೆ ಮರೆತಿದ್ದರೆ ಎಂದು ಇಲ್ಲಿ ನೆನಪಿಸುತ್ತಿದ್ದೇವೆ.)

ಈ ಅಂತಸ್ತಿನ ಜಗಳವನ್ನೇ ಕನಕದಾಸರು ಹದಿನಾರನೆಯ ಶತಮಾನದಲ್ಲಿ ಕಾವ್ಯವಾಗಿಸಿದರು. ಅವರ ‘ರಾಮಧಾನ್ಯಚರಿತ್ರೆ’ಯಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ನೆಲ್ಲಿಗೂ ಶ್ರೀರಾಮನ ಎದುರಿನಲ್ಲಿ ವಾಗ್ವಾದ ನಡೆಯುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಕೆಟ್ಟುಹೋಗಿರುತ್ತದೆ, ರಾಗಿ ಕೆಡದೆ ನಿಂತಿರುತ್ತದೆ. ರಾಮನು ಅದಕ್ಕೆ ತನ್ನ ‘ರಾಘವ’ನೆಂಬ ಹೆಸರನ್ನೇ ಕೊಡುತ್ತಾನೆ. ಇದನ್ನು ಕುಲದ ಮೇಲಾಟದ ವಿಡಂಬನೆಯೆಂದು ವಿದ್ವಾಂಸರು ಓದಿದ್ದಾರೆ, ಅದು ಸರಿಯೇ. ಆದರೆ ಕಥೆಯೊಳಗಿನ ಪರೀಕ್ಷೆ ರೈತನ ಮನೆಯ ನಿತ್ಯದ ಅನುಭವ ಎಂಬುದನ್ನೂ ನಾವು ಗಮನಿಸಬೇಕು. ಹಗೇವಿನಲ್ಲಿ ಸುರಿದು ಬಾಯಿ ಮುಚ್ಚಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಮಳೆ ತಪ್ಪಿದ ವರ್ಷ ಮನೆಯ ಮಕ್ಕಳನ್ನು ಉಳಿಸುತ್ತಿದ್ದುದು ಆ ಹಗೇವೇ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ನಮಗೆ ಪಕ್ಕದ ಮಧುಗಿರಿ, ಸಿರಾಗಳನ್ನೂ ಕಂಡುಹೋದ ಫ್ರಾನ್ಸಿಸ್ ಬುಕಾನನ್ ಕೂಡ ಬೆದ್ದಲಿನ ಬೆಳೆಗಳಲ್ಲಿ ರಾಗಿಯೇ ಎಲ್ಲಕ್ಕಿಂತ ಹೆಚ್ಚಿನದೆಂದೂ ಬಡಜನರ ಸಾಮಾನ್ಯ ಆಹಾರವೆಂದೂ ಬರೆದಿದ್ದಾನೆ.

ಆ ಮನೆಗಳಲ್ಲಿ ಮಗುವಿನ ಊಟ ಹೇಗೆ ತೊಡಗುತ್ತಿತ್ತು ಎಂಬುದನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಇದನ್ನು ಬಲ್ಲ ಅಜ್ಜಿಯರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಹಲ್ಲು ಮೂಡುವ ಮುನ್ನವೇ ‘ರಾಗಿ ಸರಿ’ ಸಿದ್ಧವಾಗುತ್ತಿತ್ತು. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದೆರಡು ದಿನಕ್ಕೆ ಮೊಳಕೆ ಬಂದ ಮೇಲೆ ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸುವ ಕಲ್ಲಿಗೆ ಹಾಕಿ, ತೆಳುವಾದ ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು ಅದು. ಇದನ್ನು ನೀರಿನಲ್ಲಿ ಕಾಯಿಸಿ ಬೆಲ್ಲವನ್ನೋ ತುಪ್ಪದ ಹನಿಯನ್ನೋ ಬೆರೆಸಿ ಒಳಲೆಯಲ್ಲಿ ಕುಡಿಸುತ್ತಿದ್ದರು. ಮೊಳಕೆ ಬರಿಸುವ ಈ ಶ್ರಮ ಏಕೆಂದು ಕೇಳಿದರೆ ಅಜ್ಜಿಯು “ಕೂಸಿಗೆ ಅರಗಬೇಕಲ್ಲಪ್ಪ” ಎನ್ನುತ್ತಿದ್ದಳು. ಅಜ್ಜಿಯ ಮಾತಿನ ಒಳಗುಟ್ಟನ್ನು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಬಿಡಿಸಿ ತೋರಿಸಿದರು. ಮೊಳೆತ ಕಾಳಿನಲ್ಲಿ ಹುಟ್ಟುವ ಜೀರ್ಣರಸಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗಟ್ಟಿಯಾಗುವುದಿಲ್ಲ. ಸಾದಾ ಹಿಟ್ಟಿನ ಗಂಜಿಗಿಂತ ಹೆಚ್ಚು ಹಿಟ್ಟನ್ನು ಹಾಕಿದರೂ ಮಗು ಸುಲಭವಾಗಿ ನುಂಗಬಲ್ಲದು. ಪುಟ್ಟ ಹೊಟ್ಟೆಗೆ ಅದೇ ಲೋಟದಲ್ಲಿ ಹೆಚ್ಚು ಸತ್ತ್ವ. ಅವರು ಮೊಳೆತ ರಾಗಿ, ಹೆಸರುಕಾಳುಗಳಿಂದ ಶಿಶು ಆಹಾರವನ್ನೇ ರೂಪಿಸಿದರು.

ಮಗು ನಡೆಯುವಂತಾದ ಮೇಲೆ ಹಿಟ್ಟಿನ ಸರದಿ. ಅಜ್ಜಿ ತನ್ನ ಗಂಗಳದ ಮುದ್ದೆಯಿಂದಲೇ ಬೆರಳ ತುದಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗುವುದನ್ನು ಕಲಿಸುತ್ತಿದ್ದಳು. ಸಾರು ಎಂದರೆ ಬೆರಕೆ ಸೊಪ್ಪಿನದು. ಅಣ್ಣೆ, ದಂಟು, ಗೋಣಿ, ಹೊನಗೊನ್ನೆ, ಗಣಿಕೆ, ನುಗ್ಗೆ: ಹೊಲದ ಬದುವಿನಲ್ಲಿ ಮಳೆಯ ಜೊತೆಗೆ ತಾನಾಗಿ ಹುಟ್ಟಿದ್ದನ್ನು ಹೆಂಗಸರು ಮಡಿಲಿನಲ್ಲಿ ಕಿತ್ತು ತರುತ್ತಿದ್ದರು, ಹಿಂದೆ ಓಡುತ್ತಿದ್ದ ಮಕ್ಕಳು ಎಲೆಯ ಗುರುತನ್ನು ಹಿಡಿಯುತ್ತಿದ್ದರು. ಎಂಟು ವರ್ಷದ ಹುಡುಗಿಗೆ ಹತ್ತು ಸೊಪ್ಪಿನ ಹೆಸರು ಬರುತ್ತಿದ್ದುದನ್ನು ನಾವು ಬಲ್ಲೆವು. ಬೇಳೆಕಾಳಿಗೆ ಅಕ್ಕಡಿ ಸಾಲು. ರಾಗಿಯ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳುಗಳ ಒಂದೊಂದು ಸಾಲನ್ನು ಬಿತ್ತುವ ಆ ಪದ್ಧತಿಯಿಂದ ಒಂದೇ ಹೊಲದಿಂದ ಹಿಟ್ಟೂ ಸಾರೂ ಮನೆಗೆ ಬರುತ್ತಿದ್ದವು. ಸಂಜೆಗೆ ಹುರಿಹಿಟ್ಟು, ಬೆಲ್ಲ. ರಾಗಿ ತಿಂದವನು ನಿರೋಗಿ ಎಂಬ ಗಾದೆ ಈ ಇಡೀ ಏರ್ಪಾಟನ್ನು ಕುರಿತದ್ದೇ ಹೊರತು ಬರಿಯ ಕಾಳನ್ನು ಕುರಿತದ್ದಲ್ಲವೆಂದು ನಮ್ಮ ಎಣಿಕೆ.

ಆದರೆ ಹಳೆಯದೆಲ್ಲ ಹೊನ್ನೆಂದು ಹಾಡುವವರ ಜೊತೆ ನಾವು ಸೇರಲಾರೆವು. ಮನೆಯಲ್ಲಿ ಮೊದಲ ಮುದ್ದೆ ಯಜಮಾನನಿಗೆ, ಆಮೇಲೆ ದುಡಿಯುವ ಗಂಡುಮಕ್ಕಳಿಗೆ. ಹೆಣ್ಣುಮಗು ಅಮ್ಮನ ಜೊತೆ ಕಡೆಯ ಪಂಕ್ತಿಯಲ್ಲಿ ತಳದ ಸೀಕಲನ್ನು ಕೆರೆದು ತಿನ್ನುತ್ತಿತ್ತು. ಹಾಲು ಕರೆದ ಮನೆಯಲ್ಲಿಯೇ ಹಾಲು ಪಟ್ಟಣದ ಪಾಲು. ಮೇಲಾಗಿ ಬರ. 1876ರಿಂದ 1878ರವರೆಗಿನ ಧಾತು ಈಶ್ವರದ ಬರದಲ್ಲಿ ಹಗೇವುಗಳೂ ಬರಿದಾದವು. ಪಕ್ಕದ ಮೈಸೂರು ಸಂಸ್ಥಾನವು ತನ್ನ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಮಂದಿಯನ್ನು ಕಳೆದುಕೊಂಡಿತು. ನಮ್ಮ ಹಿಂದೂಪುರ, ಪೆನುಕೊಂಡ, ಮಡಕಶಿರಾ ತಾಲ್ಲೂಕುಗಳು ಆಗ ಮದ್ರಾಸ್ ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅನಂತಪುರ ಜಿಲ್ಲೆ ಹುಟ್ಟಿದ್ದು 1882ರಲ್ಲಿ. ಪರಿಹಾರದ ಕೆಲಸಕ್ಕೆ ಬಂದ ವಯಸ್ಕನಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯವೂ ಪುಡಿಗಾಸೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದನು. ಇಷ್ಟರಿಂದ ಮನುಷ್ಯನ ಜೀವ ನಿಲ್ಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಬಲವಾಗಿ ವಾದಿಸಿದನು. ನಮ್ಮ ಜನರ ಊಟವನ್ನು ತೂಕ ಹಾಕಿ ಬರೆದಿಟ್ಟ ಮೊದಲ ಕಾಗದಗಳಲ್ಲಿ ಈ ವಾದದ ಕಾಗದಗಳೂ ಸೇರುತ್ತವೆಂಬುದು ನೋವಿನ ಸಂಗತಿ.

ಐವತ್ತು ವರ್ಷಗಳ ತರುವಾಯ, 1920ರ ದಶಕದಲ್ಲಿ, ಕೂನೂರಿನ ಪ್ರಯೋಗಶಾಲೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇನ್ನೊಂದು ಬಗೆಯ ತೂಕವನ್ನು ಮಾಡಿದರು. ಇಂಡಿಯಾದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಅಳೆದರು. ಗೋಧಿ ರೊಟ್ಟಿ, ಹಾಲು, ಬೇಳೆ, ಹಸಿ ತರಕಾರಿಗಳಿದ್ದ ಸಿಖ್ಖರ ಊಟ ಮೊದಲ ಸ್ಥಾನಕ್ಕೆ ಬಂತು. ಅಕ್ಕಿಯನ್ನೇ ನೆಚ್ಚಿದ ಮದ್ರಾಸಿನ ಊಟ ಕಡೆಯದಾಯಿತು. ಕನ್ನಡಿಗರ ಊಟವೂ ಆ ಪಟ್ಟಿಯಲ್ಲಿತ್ತು, ಮದ್ರಾಸಿಗಿಂತ ಮೇಲೆ, ಆದರೆ ಕೆಳಗಿನ ಅರ್ಧದಲ್ಲಿಯೇ. ಧಾನ್ಯವೊಂದರಿಂದ ಮಗು ಬೆಳೆಯದು, ಅದರ ಜೊತೆಗೆ ಹಾಲು, ಕಾಳು, ಸೊಪ್ಪು ಬೇಕು ಎಂಬುದನ್ನು ಆ ಇಲಿಗಳು ನಮಗೆ ಹೇಳಿದವು. ಕೂನೂರಿನ ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ಅದು ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದಂಶವಿದೆ. ಗಿರಣಿಯಲ್ಲಿ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10. ಈ ಎರಡು ಅಂಕಿಗಳನ್ನು ನಾವು ಪಾಠ ಹೇಳುತ್ತಿದ್ದಷ್ಟು ಕಾಲವೂ ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದಿದ್ದೇವೆ.

ಸ್ವಾತಂತ್ರ್ಯದ ನಂತರ ಮಗುವಿನ ತಟ್ಟೆಗೆ ಮನೆಯ ಕೈಯ ಜೊತೆಗೆ ಸರ್ಕಾರದ ಕೈಯೂ ಸೇರಿತು. 1960ರ ದಶಕದಲ್ಲಿ ಕೇರ್ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದ ಹಾಲಿನ ಪುಡಿ, ಮುಸುಕಿನ ಜೋಳದ ರವೆಯ ಉಪ್ಪಿಟ್ಟು ನಮ್ಮ ಓರಗೆಯವರಿಗೆಲ್ಲ ನೆನಪಿರುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ, ಆಂಧ್ರದ ಗ್ರಾಮಾಂತರದಿಂದ ಆರಿಸಿದ್ದು ನಮ್ಮ ಕಲ್ಯಾಣದುರ್ಗದ ಪಕ್ಕದ ಕಂಬದೂರನ್ನು. ಇಂದು ಊರೂರಿಗೂ ಇರುವ ಅಂಗನವಾಡಿಯ ಮೂಲ ಬೀಜಗಳಲ್ಲೊಂದು ನಮ್ಮ ನೆಲದಲ್ಲಿಯೇ ಬಿದ್ದಿತೆಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಅದು ಹೆಮ್ಮೆಯ ಮಾತು. ನಮ್ಮ ಮಕ್ಕಳು ಅಷ್ಟು ಸೊರಗಿದ್ದರೆಂಬ ಮಾತೂ ಹೌದು.

ಅದೇ ಕಾಲಕ್ಕೆ ಹೊಲದಲ್ಲಿ ಬೇರೊಂದು ಬದಲಾವಣೆ ನಡೆಯಿತು. ಕಡಲೆಕಾಯಿಗೆ ನಗದು ಬೆಲೆಯಿತ್ತು. ರಾಗಿ, ನವಣೆಗಳ ಬೆದ್ದಲನ್ನು ಅದು ಒಂದೊಂದಾಗಿ ನುಂಗಿ, ದೇಶದಲ್ಲಿಯೇ ಅತಿ ಹೆಚ್ಚು ಕಡಲೆಕಾಯಿ ಬಿತ್ತುವ ಜಿಲ್ಲೆಯೆಂಬ ಹೆಸರು ಅನಂತಪುರಕ್ಕೆ ಬಂತು. ಅಕ್ಕಡಿ ಸಾಲುಗಳು ಅಳಿದವು. ಅವರೆ, ಅಲಸಂದೆಗಳನ್ನು ಅಂಗಡಿಯಲ್ಲಿ ಕೊಳ್ಳಬೇಕಾಯಿತು. ಕೊಳ್ಳುವುದಾದರೆ ಮಿತವಾಗಿ ಕೊಳ್ಳುತ್ತಾರೆ. ಹಿಟ್ಟಿನ ಗಿರಣಿ ಬಂದು ಹೆಂಗಸರ ರಟ್ಟೆಯ ನೋವನ್ನು ಇಳಿಸಿತು. ಇದು ನಿಶ್ಚಯವಾಗಿಯೂ ಒಳ್ಳೆಯದೇ. ಬೀಸುವ ಕಲ್ಲಿನ ಜೊತೆಗೆ ಬೀಸುವ ಪದಗಳೂ ಹೋದವೆಂದು ಜಾನಪದ ವಿದ್ವಾಂಸರು ಮರುಗುತ್ತಾರೆ. ಆದರೆ ಕೋಳಿ ಕೂಗುವ ಮೊದಲೆದ್ದು ಬೀಸಿದವರು ಯಾರೂ ಮರುಗಿದ್ದನ್ನು ನಾವು ಕೇಳಿಲ್ಲ.

ಕಡೆಗೆ 1983ರಲ್ಲಿ ಎನ್. ಟಿ. ರಾಮರಾವ್ ಅವರ ಸರ್ಕಾರವು ಕಿಲೋಗೆ ಎರಡು ರೂಪಾಯಿಯ ಅಕ್ಕಿಯನ್ನು ಕೊಡತೊಡಗಿತು. ಮುಂದೆ 1985ರಿಂದ ಅವರು ನಮ್ಮ ಹಿಂದೂಪುರದ ಶಾಸಕರೇ ಆದರು. ಆ ಅಕ್ಕಿ ಬಡವರ ಹಸಿವನ್ನು ನೀಗಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಸಿದ ಮಗು ತರಗತಿಯಲ್ಲಿ ಹೇಗೆ ಕುಳಿತಿರುತ್ತದೆಂದು ಬಲ್ಲ ಮೇಷ್ಟರು ಯಾರೂ ಅದನ್ನು ಹಳಿಯಲಾರರು. ಆದರೆ ಶತಮಾನಗಳಿಂದ ಹಬ್ಬಕ್ಕೆ ಮಾತ್ರ ಮೀಸಲಾಗಿದ್ದ ಅನ್ನವು ಏಕಾಏಕಿ ನಿತ್ಯದ್ದಾದಾಗ ಮನೆಗಳು ಏನು ಮಾಡಿದವು? ಅನ್ನವನ್ನು ಮಕ್ಕಳಿಗೆ ಬಡಿಸಿ, ಹಿಟ್ಟನ್ನು ಮುದುಕರಿಗೆ ಉಳಿಸಿದವು. ಅದರಲ್ಲಿ ಪ್ರೀತಿಯಿತ್ತು. ತಾನು ಕಾಣದ ದೊಡ್ಡ ಊಟವನ್ನು ತನ್ನ ಮಗು ದಿನವೂ ಉಣ್ಣಲೆಂದು ತಾಯಿ ಬಯಸಿದಳು. ಹೀಗೆ ಹಿಟ್ಟು ಹೊಲವನ್ನು ಪೂರ್ತಿಯಾಗಿ ಬಿಡುವ ಮೊದಲೇ ಮಕ್ಕಳ ಗಂಗಳವನ್ನು ಬಿಟ್ಟಿತು. ಅತ್ತ ಮಂಡ್ಯದ ವಿ. ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕದ ರಾಗಿಗೂ ತಳಿ ಬೆರೆಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿ ಇಳುವರಿಯನ್ನು ಹೆಚ್ಚಿಸಿದ್ದರು. ಇಳುವರಿ ಏರಿತು, ಗೌರವ ಏರಲಿಲ್ಲ. ನಾವು ಕೆಲಸ ಮಾಡಿದ ಗಡಿಯ ಕನ್ನಡ ಶಾಲೆಗಳಲ್ಲಿ ಡಬ್ಬಿಯಲ್ಲಿ ಮುದ್ದೆ ತಂದ ಮಗು ಮುಚ್ಚಳವನ್ನು ಅರ್ಧ ತೆರೆದು, ಗೋಡೆಯ ಕಡೆಗೆ ತಿರುಗಿ ಉಣ್ಣುತ್ತಿತ್ತು.

2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿ ಬೇಯಿಸಿದ ಊಟವನ್ನು ಕೊಡಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ ಅದು 2003ರಲ್ಲಿ ಜಾರಿಗೆ ಬಂದಾಗ ನಾವಿನ್ನೂ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿದ್ದೆವು. ಎಲ್ಲರಿಗೂ ಒಂದೇ ಅಡುಗೆ, ಒಂದೇ ಸೌಟು. ಆದರೂ ತಟ್ಟೆಗಳು ಒಂದೇ ಬಗೆಯಾಗಿ ಬರಿದಾಗುತ್ತಿರಲಿಲ್ಲ. ಸೊಪ್ಪಿನ ಬೇಳೆ ಮಾಡಿದ ದಿನ ಕೆಲವು ತಟ್ಟೆಗಳ ಅಂಚಿನಲ್ಲಿ ಎಲೆಗಳು ಸಾಲಾಗಿ ಕುಳಿತಿರುತ್ತಿದ್ದವು. ನಾವು ಕೆಲವು ವಾರ ಸುಮ್ಮನೆ ನೋಡಿದೆವು. ಮನೆಯಲ್ಲಿ ಅಜ್ಜಿಯಿದ್ದ ಮಕ್ಕಳು, ಕೂಲಿಗೆ ಹೋಗುವ ಅಮ್ಮನ ಜೊತೆ ಹೊಲ ಸುತ್ತಿದ ಮಕ್ಕಳು ಬಹುಮಟ್ಟಿಗೆ ಎಲೆಯನ್ನು ಬಿಡುತ್ತಿರಲಿಲ್ಲ. ಬಿಟ್ಟವರಲ್ಲಿ ಅನುಕೂಲಸ್ಥರ ಮಕ್ಕಳೂ ಇದ್ದರು, ತೀರ ಬಡವರ ಮಕ್ಕಳೂ ಇದ್ದರು. ಮೂರನೆಯ ತರಗತಿಯ ಹುಡುಗನೊಬ್ಬನನ್ನು ಕೇಳಿದೆವು. ಅವನು ತಲೆ ತಗ್ಗಿಸದೆ, “ನಮ್ಮನೇಲಿ ನಮ್ಮಪ್ಪ ಸೊಪ್ಪು ತಿನ್ನಲ್ಲ ಸಾರ್” ಎಂದನು.

ಬೋಧನಾಶಾಸ್ತ್ರದ ಪುಸ್ತಕಗಳಲ್ಲಿ ನಾವು ಓದಿದ್ದಕ್ಕಿಂತ ಹೆಚ್ಚಿನದು ಆ ಒಂದು ವಾಕ್ಯದಲ್ಲಿತ್ತು. ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1920 ಮತ್ತು 30ರ ದಶಕಗಳಲ್ಲಿ ಆಗತಾನೆ ಎದೆಹಾಲು ಬಿಟ್ಟ 15 ಮಕ್ಕಳ ಮುಂದೆ ಮೂವತ್ತಕ್ಕೂ ಹೆಚ್ಚು ಬಗೆಯ ಸಾದಾ ಆಹಾರಗಳನ್ನಿರಿಸಿ, ಬೇಕಾದುದನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಮಕ್ಕಳು ಒಬ್ಬೊಬ್ಬರು ಒಂದೊಂದು ಬಗೆಯಾಗಿ ತಿಂದರೂ ಚೆನ್ನಾಗಿಯೇ ಬೆಳೆದರು. ಮಗುವಿಗೆ ತನ್ನ ಆಹಾರ ತಾನೇ ಗೊತ್ತು ಎಂದು ಲೋಕ ಕೊಂಡಾಡಿತು. ಡೇವಿಸ್ ಮಾತ್ರ ಗುಟ್ಟು ಎಲ್ಲಿದೆಯೆಂದು ಒಪ್ಪಿ ಹೇಳಿದರು: ಆ ತಟ್ಟೆಗಳಲ್ಲಿ ಸಕ್ಕರೆಯಾಗಲಿ ಮೈದಾದಂಥ ಸತ್ತ್ವಹೀನ ಹಿಟ್ಟಾಗಲಿ ಇರಲಿಲ್ಲ, ಆರಿಸಿಕೊಳ್ಳುವುದು ಮಗುವಾದರೂ ಮುಂದೆ ಇಡುವವರು ಹಿರಿಯರು. ನಮ್ಮ ಆ ಹುಡುಗನ ಮನೆಯಲ್ಲಿ ಇಡುವವರೂ ಇದ್ದಿರಬಹುದು, ತಿಂದು ತೋರಿಸುವವರು ಇರಲಿಲ್ಲ.

ಈಚಿನ ಮಾತನ್ನು ಬೇಗ ಮುಗಿಸುತ್ತೇವೆ, ಎಲ್ಲರಿಗೂ ತಿಳಿದದ್ದೇ. 2019ರಿಂದ ಪೆನುಕೊಂಡೆಯ ಎರ್ರಮಂಚಿಯಲ್ಲಿ ಕಾರುಗಳು ತಯಾರಾಗುತ್ತಿವೆ. ಹಿಂದೂಪುರದ ಸುತ್ತ ಕಾರ್ಖಾನೆಗಳಿವೆ. ಹೆದ್ದಾರಿಯ ಉದ್ದಕ್ಕೂ ಅಂಗಡಿಗಳಿವೆ. ತಂದೆತಾಯಿಗಳಿಬ್ಬರೂ ಪಾಳಿಯ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿನ ಕೈಗೆ ಹತ್ತು ರೂಪಾಯಿಯ ನೋಟು ಬರುತ್ತದೆ, ನೋಟಿನ ಬದಲಿಗೆ ಕುರುಕಲು ಪೊಟ್ಟಣ ಬರುತ್ತದೆ. ಅವರನ್ನು ದೂರುವುದು ಸುಲಭ. ಕಾರ್ಖಾನೆಯ ಬಸ್ಸು ಆರು ಗಂಟೆಗೇ ಬಂದು ನಿಂತಿರುವಾಗ ಸೊಪ್ಪು ಬಿಡಿಸುವ ಕೈ ಯಾವುದು? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರಪ್ರದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 63 ಮಂದಿಗೆ ರಕ್ತಹೀನತೆ ಕಂಡುಬಂತು. ಗಡಿಯಾಚೆಯ ಕರ್ನಾಟಕದಲ್ಲಿ 65ಕ್ಕೂ ಮಿಕ್ಕಿ. ಗಡಿ ಗೆರೆಯ ಎರಡು ಬದಿಯಲ್ಲಿಯೂ ನಮ್ಮವೇ ಮಕ್ಕಳು.

ವಿನೋದವೆಂದರೆ, ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ಬೆಳ್ಳಿಯಂಥ ಬಟ್ಟಲಿನಲ್ಲಿಟ್ಟು ಕೊಡುತ್ತಾರಂತೆ. ಸಕ್ಕರೆ ಕಾಯಿಲೆಯ ಭಯದಿಂದ ಶ್ರೀಮಂತರು ಹಿಟ್ಟಿಗೆ ಮರಳಿದ್ದಾರೆ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ‘ರಾಗಿ ಜಾವ’ ಕೊಡತೊಡಗಿದರು. ಮರುವರ್ಷ ಕರ್ನಾಟಕದ ಶಾಲೆಗಳಲ್ಲಿ ರಾಗಿ ಮಾಲ್ಟ್ ಬಂತು. ನಾಲ್ಕು ದಶಕಗಳ ಹಿಂದೆ ಮನೆಯಲ್ಲಿ ಮಕ್ಕಳ ಗಂಗಳದಿಂದ ಇಳಿದ ರಾಗಿ, ಸರ್ಕಾರದ ಲೋಟದಲ್ಲಿ ಮತ್ತೆ ಅವರ ಮುಂದೆ ಬಂದು ನಿಂತಿತು.

ನಿವೃತ್ತರಾದರೂ ಶಾಲೆಯ ಗಂಟೆ ಕೇಳಿದರೆ ಕಾಲು ಸುಮ್ಮನಿರದು. ಆ ಬೇಸಗೆಯಲ್ಲಿ ನಾವು ಒಂದೆರಡು ಊರುಗಳ ಶಾಲೆಗೆ ಹೋಗಿ ನೋಡಿದೆವು. ಒಂದು ಊರಿನಲ್ಲಿ ಮಕ್ಕಳು ಲೋಟವನ್ನು ಬರಿದು ಮಾಡುತ್ತಿದ್ದರು. ಇನ್ನೊಂದರಲ್ಲಿ ಅರ್ಧಕ್ಕರ್ಧ ಜಾವವು ಕೊಳಾಯಿಯ ಬಳಿಯ ಬೇವಿನ ಗಿಡಕ್ಕೆ ಹೋಗುತ್ತಿತ್ತು. “ಗಂಟು ಗಂಟು ಸಾರ್, ಮಣ್ಣಿನ ಬಣ್ಣ” ಎಂದು ಹುಡುಗಿಯೊಬ್ಬಳು ಮುಖ ಹಿಂಡಿದಳು. ಅಡುಗೆಯಾಕೆ ಚಿಕ್ಕ ವಯಸ್ಸಿನವಳು, ಅನ್ನದ ಮನೆಯಲ್ಲಿ ಬೆಳೆದವಳು. ಕುದಿಯುವ ನೀರಿಗೆ ಒಣ ಹಿಟ್ಟನ್ನು ಸುರಿಯುತ್ತಿದ್ದಳು. ಅಲ್ಲಿಯ ಗುರುಗಳು ಬುದ್ಧಿವಂತರು. ಸುತ್ತೋಲೆಯನ್ನು ಓದಿ ಹೇಳುವುದರ ಬದಲು ಮಕ್ಕಳ ಮನೆಗಳಿಂದ ಇಬ್ಬರು ಅಜ್ಜಿಯರನ್ನು ಕರೆಸಿದರು. ಒಬ್ಬ ಅಜ್ಜಿ ಸೆರಗು ಬಿಗಿದು ಒಲೆಯ ಮುಂದೆ ಕುಳಿತು, ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕಲಸಿಕೊಳ್ಳಬೇಕೆಂದೂ, ಕುದಿ ಬಂದ ಮೇಲೆ ಕೈ ಬಿಡದೆ ತಿರುವಬೇಕೆಂದೂ, ಇಳಿಸಿದ ಮೇಲೆ ಬೆಲ್ಲ ಹಾಕಬೇಕೆಂದೂ ತೋರಿಸಿದಳು. ಬಳಿಕ ಮೊದಲ ಲೋಟವನ್ನು ತಾನೇ ತುಂಬಿಕೊಂಡು, ಮಕ್ಕಳ ಸಾಲಿನಲ್ಲಿ ತನ್ನ ಮೊಮ್ಮಗನ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು ಸೊರ್ರೆಂದು ಕುಡಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ನಗುತ್ತಲೇ ಲೋಟ ಎತ್ತಿದರು.

ಮುಂದಿನ ಸಲ ನಾವು ಹೋದಾಗ ಬೇವಿನ ಗಿಡದ ಬುಡ ಒಣಗಿತ್ತು. ಅಜ್ಜಿಯೂ ಅಲ್ಲಿಯೇ ಇದ್ದಳು. ಹಿಟ್ಟು ಕಲಸುವ ಹೊತ್ತಿಗೆ ಬಂದು ನಿಲ್ಲುತ್ತಾಳಂತೆ. ಒಂದನೆಯ ತರಗತಿಗೆ ಸೇರಿದ ಮಕ್ಕಳ ತಾಯಂದಿರಲ್ಲಿ ಮೂವರು ಅವಳ ಬಳಿ ಸರಿ ಹಿಟ್ಟಿನ ಲೆಕ್ಕವನ್ನು ಕೇಳಿ ಬರೆದುಕೊಂಡು ಹೋದರೆಂದು ಗುರುಗಳು ಹೇಳಿದರು. ಒಂದು ಸೇರು ರಾಗಿಗೆ ಎಷ್ಟು ಹೆಸರುಕಾಳು, ಎಷ್ಟು ದಿನ ಗಂಟು ಕಟ್ಟಿಡಬೇಕು, ಮಳೆಗಾಲದಲ್ಲಿ ಹೇಗೆ ಒಣಗಿಸಬೇಕು ಎಂಬೆಲ್ಲವೂ ಒಬ್ಬಾಕೆಯ ಮೊಬೈಲಿನಲ್ಲಿ ಅಜ್ಜಿಯ ದನಿಯಲ್ಲಿಯೇ ಇದೆ.